ವಾಸಿಯಾಗದ ಜೀರ್ಣಾಂಗದ ಕ್ಯಾನ್ಸರ್ ಮತ್ತು ಉಪಶಾಮಕ ಆರೈಕೆ: ಮನೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಅನ್ನನಾಳ, ಜಠರ, ಲಿವರ್, ಪಿತ್ತಕೋಶ, ಮೇದೋಜ್ಜೀರಕ ಗ್ರಂಥಿ, ದೊಡ್ಡಕರುಳು, ಗುದನಾಳ. ಇವುಗಳಲ್ಲಿ ಯಾವುದಾದರೂ ಒಂದರಲ್ಲಿ ಕ್ಯಾನ್ಸರ್ ಬಂದು, ಇನ್ನು ಪೂರ್ತಿ ವಾಸಿ ಮಾಡಲು ಆಗುವುದಿಲ್ಲ ಎಂದು ಡಾಕ್ಟರು ಹೇಳಿದ ದಿನ ಮನೆಯವರಿಗೆ ಏನೂ ತೋಚುವುದಿಲ್ಲ. ಪ್ರಶ್ನೆಗಳು ಏಳುವುದು ಆಮೇಲೆ, ರಾತ್ರಿ ಹೊತ್ತು, ಒಂದೊಂದಾಗಿ.

ಈ ಕ್ಯಾನ್ಸರ್‌ಗಳಿಗೆ ಅವುಗಳದೇ ಆದ ಒಂದು ಕಷ್ಟ ಇದೆ. ಕಾಯಿಲೆ ಬಂದು ಕೂರುವುದು ಊಟ ಹಾದು ಹೋಗುವ ದಾರಿಯಲ್ಲೇ. ನಾವು ಅಕ್ಕರೆ ತೋರಿಸುವುದೂ ಊಟದಲ್ಲೇ ಅಲ್ವಾ? ಹಾಗಾಗಿ ನೋವಿನಷ್ಟೇ ದೊಡ್ಡ ಸಂಕಟ ತಟ್ಟೆಯ ಮುಂದೆ ನಡೆಯುತ್ತದೆ. ಇಲ್ಲಿ ಅದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಉಪಶಾಮಕ ಆರೈಕೆ ಅಂದರೆ ಏನು? ಡಾಕ್ಟರು ಕೈಚೆಲ್ಲಿದರು ಅಂತ ಅರ್ಥವಾ?

ಖಂಡಿತ ಅಲ್ಲ. ಕಾಯಿಲೆಯನ್ನು ತೆಗೆದುಹಾಕಲು ಆಗದಿದ್ದರೂ ಅದು ಕೊಡುವ ಕಾಟವನ್ನು ಕಡಿಮೆ ಮಾಡಬಹುದು. ನೋವು, ವಾಂತಿ, ತುರಿಕೆ, ನಿದ್ದೆ ಇಲ್ಲದ ರಾತ್ರಿ, ಹೆದರಿಕೆ, ನೋಡಿಕೊಳ್ಳುವವರ ಸುಸ್ತು, ಮಾತಾಡದೆ ಉಳಿದ ಮನಸ್ತಾಪ, ಇವೆಲ್ಲವನ್ನೂ ಒಟ್ಟಿಗೆ ನೋಡುವ ವೈದ್ಯಕೀಯವೇ ಉಪಶಾಮಕ ಆರೈಕೆ. ಆಸ್ಪತ್ರೆಯಲ್ಲಿ ಪ್ಯಾಲಿಯೇಟಿವ್ ಕೇರ್ ಎಂಬ ಹೆಸರೇ ಜಾಸ್ತಿ ಕೇಳಿಬರುತ್ತದೆ.

ಇದಕ್ಕೆ ಬುನಾದಿ ಹಾಕಿದವರು ಸಿಸಿಲಿ ಸಾಂಡರ್ಸ್. ಮೊದಲು ನರ್ಸ್ ಆಗಿದ್ದರು, ಆಮೇಲೆ ಆಸ್ಪತ್ರೆಯ ಸಮಾಜ ಕಾರ್ಯಕರ್ತೆಯಾದರು, ಕೊನೆಗೆ ವೈದ್ಯಕೀಯ ಓದಿ ಡಾಕ್ಟರ್ ಆದರು. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ತೆರೆದರು. ಹಾಸ್ಪಿಸ್ ಅಂದರೆ ವಾಸಿಯಾಗದ ಕಾಯಿಲೆ ಇರುವವರನ್ನು ಕೊನೆಯವರೆಗೆ ನೋಡಿಕೊಳ್ಳುವ ಜಾಗ. ನೋವಿನಲ್ಲಿ ದೇಹದ ಪಾಲು ಎಷ್ಟಿದೆಯೋ ಮನಸ್ಸಿನ ಪಾಲು, ಸಂಸಾರದ ಪಾಲು, ನಂಬಿಕೆಯ ಪಾಲು ಕೂಡ ಅಷ್ಟೇ ಇರುತ್ತದೆ ಎಂದು ಅವರು ತಿಳಿಸಿಕೊಟ್ಟರು. ಎಷ್ಟು ಮಾತ್ರೆ ಕೊಟ್ಟರೂ ಇಳಿಯದ ನೋವು, ಮಗಳ ಜೊತೆ ಒಮ್ಮೆ ಮನಬಿಚ್ಚಿ ಮಾತಾಡಿದ ಮೇಲೆ ಸ್ವಲ್ಪ ಇಳಿಯುವುದುಂಟು. ಸಾಂಡರ್ಸ್ ಹೇಳಿದ್ದು ಇದನ್ನೇ.

ಯಾವಾಗ ಶುರು ಮಾಡಬೇಕು? ಕೊನೆಯ ದಿನಗಳಲ್ಲಿ ಸಾಕಲ್ಲವಾ?

ಸಾಕಾಗುವುದಿಲ್ಲ. ಕಾಯಿಲೆ ಹರಡಿದೆ ಎಂದು ಗೊತ್ತಾದ ಹೊತ್ತಿನಲ್ಲೇ ಶುರುವಾಗಬೇಕು. ಕೀಮೋ ಕೊಡುವ ಡಾಕ್ಟರೂ ಇರುತ್ತಾರೆ, ಉಪಶಾಮಕ ತಂಡವೂ ಇರುತ್ತದೆ. ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯುವ ಪ್ರಶ್ನೆ ಇಲ್ಲ.

ಇದಕ್ಕೆ ಆಧಾರವೂ ಇದೆ. 2010ರಲ್ಲಿ ಅಮೆರಿಕದಲ್ಲಿ ಹರಡಿದ ಶ್ವಾಸಕೋಶದ ಕ್ಯಾನ್ಸರ್ ಇದ್ದ 151 ಜನರ ಮೇಲೆ ನಡೆದ ಒಂದು ಅಧ್ಯಯನ ಪ್ರಕಟವಾಯಿತು. ಮೊದಲಿನಿಂದಲೇ ಈ ಆರೈಕೆ ಸಿಕ್ಕವರಲ್ಲಿ ಖಿನ್ನತೆ ಕಡಿಮೆ ಇತ್ತು, ದಿನಗಳು ನೆಮ್ಮದಿಯಾಗಿದ್ದವು. ಉಳಿದವರಿಗಿಂತ ಅವರು ಸರಾಸರಿ ಎರಡು ತಿಂಗಳಿಗೂ ಮೀರಿ ಜಾಸ್ತಿ ಬದುಕಿದರು ಕೂಡ. 2017ರಲ್ಲಿ ಶ್ವಾಸಕೋಶ ಮತ್ತು ಜೀರ್ಣಾಂಗದ ಕ್ಯಾನ್ಸರ್ ಎರಡನ್ನೂ ಸೇರಿಸಿ 350 ಜನರಲ್ಲಿ ನೋಡಿದರು. 24 ವಾರದ ಹೊತ್ತಿಗೆ ಒಟ್ಟಾರೆ ಲಾಭ ಕಂಡಿತು. ಆದರೆ ಜೀರ್ಣಾಂಗದ ಕ್ಯಾನ್ಸರ್‌ನವರಲ್ಲಿ ಆ ವ್ಯತ್ಯಾಸ ಶ್ವಾಸಕೋಶದವರಲ್ಲಿ ಕಂಡಷ್ಟು ಎದ್ದು ಕಾಣಲಿಲ್ಲ. ಇದನ್ನು ಮುಚ್ಚಿಡದೆ ಹೇಳಬೇಕು. ನನ್ನ ಮಟ್ಟಿಗೆ ಬೇಗ ಶುರು ಮಾಡುವ ಕಾರಣ ಇನ್ನೂ ಸರಳ: ಈ ಕ್ಯಾನ್ಸರ್‌ಗಳಲ್ಲಿ ತೊಂದರೆಗಳು ಇದ್ದಕ್ಕಿದ್ದಂತೆ ಬರುತ್ತವೆ. ಕರುಳು ಕಟ್ಟಿಕೊಂಡ ರಾತ್ರಿ ಫೋನ್ ಮಾಡಲು ಪರಿಚಯದ ನಂಬರ್ ಒಂದು ಇರಬೇಕು.

ಹಾಗಾದರೆ ಕೀಮೋ ನಿಲ್ಲಿಸಬೇಕಾ?

ಅದರಿಂದ ಲಾಭ ಇರುವವರೆಗೆ ಬೇಡ. ಗಡ್ಡೆ ಸ್ವಲ್ಪ ಕುಗ್ಗಿದರೂ ನೋವು, ವಾಂತಿ ತಗ್ಗಬಹುದು. ಆದರೆ ರೋಗಿ ದಿನದ ಹೆಚ್ಚು ಹೊತ್ತು ಹಾಸಿಗೆಯಲ್ಲೇ ಇರುವಂತಾದರೆ ಕೀಮೋದಿಂದ ಒಳ್ಳೆಯದಕ್ಕಿಂತ ತೊಂದರೆಯೇ ಜಾಸ್ತಿ. ಡಾಕ್ಟರನ್ನು ನೇರವಾಗಿ ಕೇಳಿ: "ಇದರಿಂದ ಇವರಿಗೆ ಏನು ಸಿಗುತ್ತದೆ? ಕೊಡದಿದ್ದರೆ ಏನಾಗುತ್ತದೆ?" ಹೀಗೆ ಕೇಳುವುದು ಅವಮರ್ಯಾದೆಯಲ್ಲ, ನಿಮ್ಮ ಹಕ್ಕು.

ಎಷ್ಟು ಬೇಡಿಕೊಂಡರೂ ಊಟ ಮಾಡುತ್ತಿಲ್ಲ. ತಿನ್ನದೆ ಇರುವುದಕ್ಕೇ ಸೊರಗುತ್ತಿದ್ದಾರಲ್ಲ?

ಮನೆಯವರ ಮನಸ್ಸನ್ನು ಅತಿ ಹೆಚ್ಚು ಹಿಂಡುವ ಪ್ರಶ್ನೆ ಇದೇ. ಸ್ವಲ್ಪ ನಿಧಾನವಾಗಿ ಓದಿ.

ನಾವು ಅಂದುಕೊಳ್ಳುವುದು ಹೀಗೆ: ತಿನ್ನುತ್ತಿಲ್ಲ, ಅದಕ್ಕೇ ಸೊರಗುತ್ತಿದ್ದಾರೆ, ತಿನ್ನಿಸಿದರೆ ಚೇತರಿಸಿಕೊಳ್ಳುತ್ತಾರೆ. ಕಾಯಿಲೆ ಮುಂದುವರಿದ ಮೇಲೆ ಈ ಲೆಕ್ಕ ತಿರುವುಮುರುವಾಗುತ್ತದೆ. ಗಡ್ಡೆ ಮತ್ತು ಅದರ ವಿರುದ್ಧ ಹೋರಾಡುವ ದೇಹ ಎರಡೂ ಸೇರಿ ರಕ್ತಕ್ಕೆ ಕೆಲವು ರಾಸಾಯನಿಕಗಳನ್ನು ಬಿಡುತ್ತವೆ. ಅವು ಮಿದುಳಿನಲ್ಲಿ ಹಸಿವನ್ನು ಅಡಗಿಸುತ್ತವೆ, ಸ್ನಾಯುಗಳನ್ನು ಕರಗಿಸುತ್ತವೆ. ಇದಕ್ಕೆ ಕ್ಯಾಕೆಕ್ಸಿಯಾ ಎನ್ನುತ್ತಾರೆ. ಬರೀ ಉಪವಾಸದಿಂದ ಬಡಕಲಾದವರು ಊಟ ಸಿಕ್ಕರೆ ತುಂಬಿಕೊಳ್ಳುತ್ತಾರೆ. ಕ್ಯಾಕೆಕ್ಸಿಯಾದಲ್ಲಿ ಎಷ್ಟೇ ತುಂಬಿದರೂ ದೇಹ ಅದನ್ನು ಸ್ನಾಯುವಾಗಿ ಕಟ್ಟಿಕೊಳ್ಳುವುದಿಲ್ಲ. ಊಟ ಸೇರದಿರುವುದು ಅವರ ಹಟ ಅಲ್ಲ. ನೀವು ಮಾಡಿದ ಅಡುಗೆಯ ತಪ್ಪೂ ಅಲ್ಲ.

ಇದು ಗೊತ್ತಿಲ್ಲದೆ ಎಷ್ಟೋ ಮನೆಗಳಲ್ಲಿ ಊಟದ ಹೊತ್ತು ಜಗಳದ ಹೊತ್ತಾಗುತ್ತದೆ. "ಇನ್ನೊಂದು ತುತ್ತು, ನನಗೋಸ್ಕರ" ಎಂದು ಹೆಂಡತಿ ಗೋಗರೆಯುತ್ತಾಳೆ. ಅವಳ ಮನಸ್ಸು ನೋಯಬಾರದೆಂದು ಗಂಡ ನುಂಗುತ್ತಾನೆ, ಅರ್ಧ ಗಂಟೆಯಲ್ಲಿ ವಾಂತಿ. ಇಬ್ಬರೂ ಅಳುತ್ತಾರೆ. ಕೆಲವರು ತಟ್ಟೆ ಬರುವ ಸದ್ದು ಕೇಳಿದರೆ ನಿದ್ದೆ ಬಂದವರ ಹಾಗೆ ಕಣ್ಣು ಮುಚ್ಚಿಕೊಳ್ಳುತ್ತಾರೆ. ಇದನ್ನು ನೋಡಿದಾಗೆಲ್ಲ ನನಗೆ ಹೊಟ್ಟೆ ಚುರ್ ಎನ್ನುತ್ತದೆ. ಉಳಿದಿರುವ ದಿನಗಳು ಹೀಗೆ ಕಳೆದುಹೋಗಬಾರದು.

ಹಾಗಾದರೆ ಏನು ಮಾಡಬಹುದು? ದೊಡ್ಡ ತಟ್ಟೆ ಬಿಟ್ಟು ಚಿಕ್ಕ ಬಟ್ಟಲು ಇಡಿ. ಹೊತ್ತು ಹೊತ್ತಿಗೆ ಎನ್ನುವ ನಿಯಮ ಬೇಡ, ಅವರು ಕೇಳಿದಾಗ, ಕೇಳಿದ್ದನ್ನು, ಕೇಳಿದಷ್ಟು ಕೊಡಿ. ಸಾಮಾನ್ಯವಾಗಿ ಬೆಳಗಿನ ಹೊತ್ತು ಸ್ವಲ್ಪ ಜಾಸ್ತಿ ಸೇರುತ್ತದೆ. ಬಿಸಿ ಊಟದ ವಾಸನೆಗೆ ವಾಕರಿಕೆ ಬಂದರೆ ಆರಿಸಿ ಕೊಡಿ. ಹಿಂದೆ ಮಾಡುತ್ತಿದ್ದ ಪಥ್ಯಗಳನ್ನು ಈಗ ಡಾಕ್ಟರ ಜೊತೆ ಮಾತಾಡಿ ಸಡಿಲ ಮಾಡಬಹುದು. ಬಾಯಿ ತೆರೆಸಿ ಒಮ್ಮೆ ನೋಡಿ. ಬಿಳಿ ಪೊರೆ ಕಟ್ಟಿದ್ದರೆ ಅದು ಶಿಲೀಂಧ್ರದ ಸೋಂಕು ಇರಬಹುದು. ಔಷಧಿ ಕೊಟ್ಟರೆ ಕೆಲವೇ ದಿನಗಳಲ್ಲಿ ಬಾಯಿ ಹಗುರಾಗುತ್ತದೆ. ಮಲಬದ್ಧತೆ, ವಾಕರಿಕೆ, ನೋವು, ಖಿನ್ನತೆ ಕೂಡ ಹಸಿವನ್ನು ಕೊಲ್ಲುತ್ತವೆ. ಇವಕ್ಕೆಲ್ಲ ಮದ್ದು ಇದೆ.

ಹಸಿವು ಹೆಚ್ಚಿಸುವ ಔಷಧಿಗಳೂ ಇವೆ. ಡೆಕ್ಸಾಮೆಥಾಸೋನ್ ಕೆಲವು ವಾರ ಕೆಲಸ ಮಾಡುತ್ತದೆ, ಆಮೇಲೆ ತೊಂದರೆಗಳು ಹೆಚ್ಚುತ್ತವೆ. 2023ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಜಠರ, ಲಿವರ್, ಪಿತ್ತನಾಳ, ಮೇದೋಜ್ಜೀರಕ ಮತ್ತು ಶ್ವಾಸಕೋಶದ ಕ್ಯಾನ್ಸರ್‌ಗೆ ಕೀಮೋ ಶುರು ಮಾಡಿದ 124 ಜನರಲ್ಲಿ ಅರ್ಧದಷ್ಟು ಮಂದಿಗೆ ದಿನಕ್ಕೆ 2.5 ಮಿಲಿಗ್ರಾಂ ಒಲಾಂಜಪಿನ್ ಕೊಟ್ಟರು. ಅದು ಸಿಗದವರಿಗೆ ಹೋಲಿಸಿದರೆ ಅವರಲ್ಲಿ ಹೆಚ್ಚು ಮಂದಿಗೆ ಹಸಿವೂ ತೂಕವೂ ಏರಿತು. ನಿಮ್ಮವರಿಗೆ ಇದು ಹೊಂದುತ್ತದೆಯೇ ಎಂದು ಕೇಳಿ ನೋಡಿ. ನೀವಾಗಿಯೇ ಕೊಡಬೇಡಿ.

ಅನ್ನನಾಳ ಮುಚ್ಚಿಕೊಂಡಿದೆ. ನೀರು ಕೂಡ ಇಳಿಯುತ್ತಿಲ್ಲ.

ಇಲ್ಲಿ ಕಥೆ ಬೇರೆ. ಹಸಿವಿದೆ, ದಾರಿ ಇಲ್ಲ. ಇಂಥವರಿಗೆ ದಾರಿ ಮಾಡಿಕೊಡುವುದೇ ಆರೈಕೆ. ಎಂಡೋಸ್ಕೋಪಿ ಮಾಡಿ (ಬಾಯಿಂದ ಕ್ಯಾಮೆರಾ ಇರುವ ಕೊಳವೆ ಇಳಿಸಿ), ಲೋಹದ ತಂತಿಯಿಂದ ಹೆಣೆದ ಸ್ಟೆಂಟ್ ಎಂಬ ಕೊಳವೆಯನ್ನು ಗಡ್ಡೆಯ ನಡುವೆ ಕೂರಿಸುತ್ತಾರೆ. ಅದು ತಾನಾಗಿ ಅಗಲವಾಗುತ್ತದೆ. ಒಂದೆರಡು ದಿನದಲ್ಲೇ ಮೆತ್ತಗಿನ ಊಟ ಇಳಿಯಲು ಶುರುವಾಗುತ್ತದೆ. ಮೊದಲ ಕೆಲವು ದಿನ ಎದೆನೋವು ಸಾಮಾನ್ಯ, ಅದಕ್ಕೆ ಮಾತ್ರೆ ಇಟ್ಟುಕೊಂಡಿರಿ. ವಿಕಿರಣ ಚಿಕಿತ್ಸೆಯಿಂದಲೂ ದಾರಿ ಬಿಡುತ್ತದೆ. ಅದಕ್ಕೆ ಕೆಲವು ವಾರ ಬೇಕು, ಆದರೆ ಅದರ ಗುಣ ಹೆಚ್ಚು ದಿನ ನಿಲ್ಲುತ್ತದೆ.

ಸ್ಟೆಂಟ್ ಹಾಕಿದ ಮೇಲೆ ನೆಟ್ಟಗೆ ಕೂತು ತಿನ್ನಬೇಕು, ಚೆನ್ನಾಗಿ ಅಗಿಯಬೇಕು, ನಡುನಡುವೆ ಗುಟುಕು ನೀರು ಕುಡಿಯಬೇಕು, ತಿಂದ ಕೂಡಲೇ ಮಲಗಬಾರದು. ಮತ್ತೆ ಕಟ್ಟಿಕೊಂಡರೆ ಗಾಬರಿ ಬೇಡ, ಮತ್ತೆ ಬಿಡಿಸಬಹುದು.

ಟ್ಯೂಬಿನಿಂದಲೋ ಡ್ರಿಪ್‌ನಿಂದಲೋ ಊಟ ಕೊಟ್ಟರೆ ಆಗದಾ?

ಮೇಲೆ ಹೇಳಿದ ಹಾಗೆ ಹಸಿವಿದ್ದು, ಓಡಾಡುವ ಶಕ್ತಿ ಇದ್ದು, ದಾರಿ ಮಾತ್ರ ಮುಚ್ಚಿರುವವರಿಗೆ ಟ್ಯೂಬಿನಿಂದ ನಿಜವಾದ ಉಪಯೋಗ ಇದೆ. ದೇಹವೇ ಕರಗುತ್ತಿರುವವರಿಗೆ, ಕೊನೆಯ ವಾರಗಳಲ್ಲಿರುವವರಿಗೆ ಅದರಿಂದ ಆಯಸ್ಸೂ ಹೆಚ್ಚುವುದಿಲ್ಲ, ಶಕ್ತಿಯೂ ಬರುವುದಿಲ್ಲ. ಸೋಂಕು, ಊತ, ಕಫ ಮಾತ್ರ ಹೆಚ್ಚಾಗಬಹುದು.

ಮಾರ್ಫಿನ್ ಶುರು ಮಾಡಿದರೆ ಮುಗಿಯಿತು ಅಂತಾರೆ. ನಿಜವಾ?

ನಿಜ ಅಲ್ಲ. ಮಾರ್ಫಿನ್ ಅಂದರೆ ಬಲವಾದ ನೋವಿನ ಔಷಧಿ, ಅಷ್ಟೇ. ಈ ಮಾತಿನಿಂದಾಗಿ ಎಷ್ಟು ಜನ ಸುಮ್ನೆ ಹಲ್ಲು ಕಚ್ಚಿ ನೋವು ತಿಂದಿದ್ದಾರೋ ಲೆಕ್ಕವಿಲ್ಲ. ನನಗೆ ಇದರ ಬಗ್ಗೆ ಸಿಟ್ಟೇ ಇದೆ.

ಕ್ಯಾನ್ಸರ್ ನೋವಿಗೆ ಹಂತ ಹಂತವಾಗಿ ಔಷಧಿ ಕೊಡುವ ಕ್ರಮವನ್ನು ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲೇ ಪ್ರಕಟಿಸಿತು. ಅದರ ಎರಡು ಮುಖ್ಯ ಸೂತ್ರಗಳು ಇಂದಿಗೂ ಬದಲಾಗಿಲ್ಲ: ಸಾಧ್ಯವಾದಷ್ಟು ಬಾಯಿಯಿಂದ ಕೊಡಿ, ಗಡಿಯಾರ ನೋಡಿ ಕೊಡಿ. ಸಾಮಾನ್ಯ ಮಾರ್ಫಿನ್ ಮಾತ್ರೆಯ ಗುಣ ಸುಮಾರು 4 ಗಂಟೆ ಇರುತ್ತದೆ. ಅದಕ್ಕೇ 4 ಗಂಟೆಗೊಮ್ಮೆ ಕೊಡುತ್ತಾರೆ. ನೋವು ಬಂದ ಮೇಲೆ ಕೊಡೋಣ ಎಂದು ಕಾಯಬಾರದು. ನಡುವೆ ನೋವು ಮೇಲೆದ್ದರೆ ಕೊಡಲು ಹೆಚ್ಚುವರಿ ಡೋಸ್ ಎಷ್ಟೆಂದು ಡಾಕ್ಟರು ಬರೆದಿರುತ್ತಾರೆ. ಅದನ್ನು ಎಷ್ಟು ಸಲ ಕೊಟ್ಟಿರಿ ಎಂದು ಬರೆದಿಡಿ. ಮುಂದಿನ ಡೋಸ್ ತೀರ್ಮಾನವಾಗುವುದು ಆ ಚೀಟಿಯಿಂದಲೇ.

ಚಟ ಹಿಡಿಯುತ್ತದಾ? ಕ್ಯಾನ್ಸರ್ ನೋವಿಗೆ ಡಾಕ್ಟರು ಹೇಳಿದ ಹಾಗೆ ತೆಗೆದುಕೊಳ್ಳುವವರಲ್ಲಿ ಅದು ಅಪರೂಪ. ದೇಹ ಒಗ್ಗಿಕೊಂಡಿರುತ್ತದೆ ನಿಜ, ಹಾಗಾಗಿ ಇದ್ದಕ್ಕಿದ್ದಂತೆ ನಿಲ್ಲಿಸಬಾರದು. ಬೇಡವೆನಿಸಿದರೆ ನಿಧಾನವಾಗಿ ಇಳಿಸಬೇಕು. ಸಾವನ್ನು ಬೇಗ ತರುತ್ತದಾ? ಸರಿಯಾದ ಡೋಸಿನಲ್ಲಿ ಶುರು ಮಾಡಿ ನಿಧಾನವಾಗಿ ಏರಿಸಿದರೆ ತರುವುದಿಲ್ಲ. ಮೊದಲ ಮೂರು ನಾಲ್ಕು ದಿನ ಮಂಪರು, ವಾಕರಿಕೆ ಇರಬಹುದು, ಆಮೇಲೆ ಇಳಿಯುತ್ತವೆ. ನೋವಿನಿಂದ ಎಷ್ಟೋ ರಾತ್ರಿ ನಿದ್ದೆಗೆಟ್ಟವರು ಮೊದಲ ಎರಡು ದಿನ ಕಣ್ತುಂಬ ಮಲಗುವುದೂ ಉಂಟು. ಆದರೆ ಎಬ್ಬಿಸಿದರೂ ಏಳದಿದ್ದರೆ, ಉಸಿರು ತೀರಾ ನಿಧಾನವಾದರೆ ತಕ್ಷಣ ಫೋನ್ ಮಾಡಿ. ಲಿವರ್ ಅಥವಾ ಕಿಡ್ನಿ ಸೋತಿದ್ದರೆ ಡೋಸ್ ಕಡಿಮೆ ಇರಬೇಕು, ಇಲ್ಲವೇ ಬೇರೆ ಔಷಧಿ ಬೇಕು. ಇದನ್ನು ನೀವೇ ನೆನಪಿಸಿ.

ಇಳಿಯದ ತೊಂದರೆ ಒಂದೇ: ಮಲಬದ್ಧತೆ. ಮಾರ್ಫಿನ್ ಚೀಟಿಯಲ್ಲಿ ಮಲ ಸಡಿಲಿಸುವ ಔಷಧಿ ಇಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ. ಕರುಳು ಕಟ್ಟಿಕೊಂಡಿರುವ ಅನುಮಾನ ಇದ್ದರೆ ಮಾತ್ರ ಅದನ್ನು ಕೊಡುವ ಮೊದಲು ವಿಚಾರಿಸಿ.

ನುಂಗಲು ಆಗದವರಿಗೆ ಚರ್ಮಕ್ಕೆ ಅಂಟಿಸುವ ಫೆಂಟನಿಲ್ ಪಟ್ಟಿ ಇದೆ. ಒಂದು ಪಟ್ಟಿ 72 ಗಂಟೆ ಇರುತ್ತದೆ. ಅಂಟಿಸಿದ ಕೂಡಲೇ ನೋವು ಇಳಿಯುವುದಿಲ್ಲ, ಪೂರ್ತಿ ಕೆಲಸಕ್ಕೆ ಬರಲು ಅರ್ಧ ದಿನಕ್ಕಿಂತ ಹೆಚ್ಚೇ ಬೇಕು. ಪಟ್ಟಿಯ ಮೇಲೆ ಬಿಸಿ ನೀರಿನ ಚೀಲ ಇಡಬೇಡಿ. ಬಿಸಿಗೆ ಔಷಧಿ ಒಮ್ಮೆಲೇ ಒಳಗೆ ಹೋಗುತ್ತದೆ. ಬಳಸಿದ ಪಟ್ಟಿ ಮಕ್ಕಳ ಕೈಗೆ ಸಿಗಬಾರದು, ಅದರಲ್ಲಿ ಇನ್ನೂ ಔಷಧಿ ಉಳಿದಿರುತ್ತದೆ.

ಅಂಗಡಿಯಲ್ಲಿ ಸುಲಭವಾಗಿ ಸಿಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ತರಹದ ಮಾತ್ರೆಗಳು ಜಠರದಲ್ಲಿ ರಕ್ತಸ್ರಾವ ಮಾಡಬಹುದು. ಕಿಡ್ನಿಗೂ ಪೆಟ್ಟು. ಕೇಳದೆ ಕೊಡಬೇಡಿ.

ಮೇದೋಜ್ಜೀರಕ ಗ್ರಂಥಿಯ ಕ್ಯಾನ್ಸರ್. ಬೆನ್ನು ಸೀಳುವ ಹಾಗೆ ನೋವು. ಮಾರ್ಫಿನ್ ಸಾಲುತ್ತಿಲ್ಲ.

ಈ ಗ್ರಂಥಿ ಹೊಟ್ಟೆಯ ಹಿಂಭಾಗದಲ್ಲಿ, ನರಗಳ ಒಂದು ಗೊಂಚಲಿಗೆ ತಾಗಿಕೊಂಡಂತೆ ಇದೆ. ಗಡ್ಡೆ ಆ ನರಗಳಿಗೆ ಹಬ್ಬಿದಾಗ ಮೇಲ್ಹೊಟ್ಟೆಯಿಂದ ಬೆನ್ನಿಗೆ ಕೊರೆಯುವ ನೋವು ಬರುತ್ತದೆ. ಮಲಗಿದರೆ ಜಾಸ್ತಿ, ಮುಂದಕ್ಕೆ ಬಾಗಿ ಕೂತರೆ ಸ್ವಲ್ಪ ಕಡಿಮೆ. ದಿಂಬು ತಬ್ಬಿಕೊಂಡು ಕೂತೇ ರಾತ್ರಿ ಕಳೆಯುವವರಿದ್ದಾರೆ.

ಆ ಗೊಂಚಲಿಗೆ ಸೀಲಿಯಾಕ್ ಪ್ಲೆಕ್ಸಸ್ ಎಂದು ಹೆಸರು. ಸೂಜಿಯಿಂದ ಅಲ್ಲಿಗೆ ಆಲ್ಕೋಹಾಲ್ ಬಿಟ್ಟು ನರಗಳನ್ನು ಸುಮ್ಮನಾಗಿಸಬಹುದು. ಎಲ್ಲರಿಗೂ ಪೂರ್ತಿ ಗುಣ ಸಿಗುತ್ತದೆ ಎನ್ನಲಾಗದು, ಆದರೆ ನೋವು ಇಳಿದು ಮಾರ್ಫಿನ್ ಕಡಿಮೆ ಸಾಕಾಗುತ್ತದೆ. ಆಮೇಲೆ ಕೆಲವು ದಿನ ಭೇದಿ, ಎದ್ದು ನಿಂತಾಗ ತಲೆಸುತ್ತು ಬರಬಹುದು. ನೋವಿನ ತಂಡದವರು ತಾವಾಗಿ ಈ ಮಾತು ಎತ್ತದಿದ್ದರೆ ನೀವೇ ಎತ್ತಿ. ಕೊನೆಗೆ ನೋಡೋಣ ಎಂದು ಇದನ್ನು ಮುಂದೂಡಬಾರದು, ರೋಗಿಗೆ ಸ್ವಲ್ಪ ಶಕ್ತಿ ಇರುವಾಗಲೇ ಆಗಬೇಕಾದ ಕೆಲಸ ಇದು.

ಇದೇ ಕ್ಯಾನ್ಸರ್‌ನಲ್ಲಿ ಮಲ ಜಿಡ್ಡುಜಿಡ್ಡಾಗಿ, ಕೆಟ್ಟ ವಾಸನೆಯಿಂದ, ನೀರಿನಲ್ಲಿ ತೇಲುತ್ತಿದ್ದರೆ ಕೊಬ್ಬು ಜೀರ್ಣವಾಗುತ್ತಿಲ್ಲ ಎಂದು ಅರ್ಥ. ಗ್ರಂಥಿಯಿಂದ ಬರಬೇಕಾದ ಕಿಣ್ವ ಬರುತ್ತಿಲ್ಲ. ಅದನ್ನು ಕ್ಯಾಪ್ಸೂಲ್ ರೂಪದಲ್ಲಿ ಊಟದ ಜೊತೆಯಲ್ಲೇ ನುಂಗಬೇಕು. ಊಟವಾಗಿ ಗಂಟೆ ಕಳೆದ ಮೇಲೆ ನುಂಗಿದರೆ ಪ್ರಯೋಜನ ಇಲ್ಲ. ಇಷ್ಟು ಸಣ್ಣ ಮದ್ದು, ಆದರೂ ಎಷ್ಟೋ ಜನರಿಗೆ ಯಾರೂ ಬರೆದುಕೊಡುವುದೇ ಇಲ್ಲ.

ಹೊಟ್ಟೆ ಉಬ್ಬಿದೆ, ಹಸಿರು ವಾಂತಿ, ಎರಡು ದಿನದಿಂದ ಗಾಳಿಯೂ ಹೋಗಿಲ್ಲ.

ಕರುಳು ಕಟ್ಟಿಕೊಂಡಿರಬಹುದು. ಕಾಯಬೇಡಿ, ತಂಡಕ್ಕೆ ತಿಳಿಸಿ. ಹೊಟ್ಟೆ ಸರಿಹೋಗಲಿ ಎಂದು ಭೇದಿ ಮಾಡಿಸುವ ಮಾತ್ರೆ ಕೊಡುವುದು ಈ ಹೊತ್ತಿನಲ್ಲಿ ಅಪಾಯ. ವಾಂತಿ ನಿಲ್ಲಲಿ ಎಂದು ಮನೆಯಲ್ಲಿರುವ ಮೆಟೊಕ್ಲೋಪ್ರಮೈಡ್ ಕೊಡುವುದೂ ತಪ್ಪಾಗಬಹುದು. ಅದು ಕರುಳನ್ನು ಹಿಂಡುತ್ತದೆ, ಪೂರ್ತಿ ಕಟ್ಟಿದ್ದರೆ ನೋವು ಹೆಚ್ಚುತ್ತದೆ.

ಬಾಯಿಂದ ಏನೂ ಹೋಗದಿದ್ದರೂ ಜೊಲ್ಲು, ಜಠರ ರಸ, ಪಿತ್ತ, ಕರುಳ ರಸ ಎಲ್ಲ ಸೇರಿ ದಿನಕ್ಕೆ ಸುಮಾರು 7 ಲೀಟರ್ ದ್ರವ ನಮ್ಮ ಹೊಟ್ಟೆಯೊಳಗೆ ಸುರಿಯುತ್ತದೆ. ಮಾಮೂಲಿಯಾಗಿ ಕರುಳೇ ಅದನ್ನು ಹೀರಿಕೊಳ್ಳುತ್ತದೆ. ದಾರಿ ಕಟ್ಟಿದಾಗ ಅದು ಹಿಂದಕ್ಕೆ ಬರುತ್ತದೆ. ಉಪವಾಸ ಇದ್ದವರೂ ಬಕೆಟ್ ತುಂಬ ವಾಂತಿ ಮಾಡುವುದು ಇದಕ್ಕೇ.

ಒಂದೇ ಕಡೆ ಕಟ್ಟಿದ್ದರೆ ಸ್ಟೆಂಟ್ ಅಥವಾ ಆಪರೇಷನ್ ಆಗಬಹುದು. ಹೊಟ್ಟೆಯ ಒಳಪೊರೆಯಲ್ಲೆಲ್ಲ ಗಂಟುಗಳು ಹರಡಿ ಹಲವು ಕಡೆ ಕಟ್ಟಿದ್ದರೆ ಆಪರೇಷನ್ನಿನಿಂದ ಹೆಚ್ಚು ಉಪಯೋಗ ಇಲ್ಲ. ಆಗ ರಸಗಳನ್ನು ಕಡಿಮೆ ಮಾಡುವ ಆಕ್ಟ್ರಿಯೋಟೈಡ್, ಹಿಂಡುನೋವಿಗೆ ಹಯೊಸಿನ್ ಬ್ಯುಟೈಲ್‌ಬ್ರೋಮೈಡ್, ವಾಕರಿಕೆಗೆ ಹ್ಯಾಲೊಪೆರಿಡಾಲ್, ಊತಕ್ಕೆ ಡೆಕ್ಸಾಮೆಥಾಸೋನ್ ಕೊಡುತ್ತಾರೆ. ಇವನ್ನು ಚರ್ಮದಡಿಯ ಸಣ್ಣ ಸೂಜಿಯಿಂದ ಮನೆಯಲ್ಲೇ ಕೊಡಬಹುದು. ಮೂಗಿನ ಟ್ಯೂಬ್ ಕೆಲವು ದಿನಕ್ಕೆ ಸರಿ, ತಿಂಗಳುಗಟ್ಟಲೆ ಅದನ್ನು ಇಟ್ಟುಕೊಳ್ಳುವುದು ಹಿಂಸೆ. ಅದರ ಬದಲು ಹೊಟ್ಟೆಯ ಮೇಲಿಂದ ಜಠರಕ್ಕೆ ಸಣ್ಣ ಟ್ಯೂಬ್ ಹಾಕಿ ದ್ರವ ಹೊರಬಿಡುವ ದಾರಿ ಇದೆ. ಅದು ಇದ್ದರೆ ಇಷ್ಟವಾದ ಪಾನೀಯ ಕುಡಿಯಬಹುದು. ಹೊಟ್ಟೆಯಲ್ಲಿ ನಿಲ್ಲುವುದಿಲ್ಲ, ಟ್ಯೂಬಿನಿಂದ ಹೊರಗೆ ಬರುತ್ತದೆ. ಆದರೆ ನಾಲಿಗೆಗೆ ರುಚಿ ಸಿಗುತ್ತದೆ. ಅದೇನು ಕಡಿಮೆಯಾ?

ಹೊಟ್ಟೆಯಲ್ಲಿ ನೀರು ತುಂಬಿದೆ. ತೆಗೆಸಿದರೆ ಏನು ಲಾಭ?

ಬಿಗಿದುಕೊಂಡ ಹೊಟ್ಟೆಯಿಂದ ಉಸಿರಾಡಲು, ಬಾಗಲು, ಒಂದು ತುತ್ತು ನುಂಗಲು ಆಗುವುದಿಲ್ಲ. ಸೂಜಿ ಹಾಕಿ ನೀರು ತೆಗೆದ ದಿನವೇ ಹಗುರ ಎನಿಸುತ್ತದೆ. ಅದೇ ಅದರ ಲಾಭ. ಒಮ್ಮೆ ತೆಗೆದರೆ ಸಾಮಾನ್ಯವಾಗಿ ಮತ್ತೆ ತುಂಬಿಕೊಳ್ಳುತ್ತದೆ. ಪದೇ ಪದೇ ತುಂಬುತ್ತಿದ್ದರೆ ಮೃದುವಾದ ಒಂದು ಕೊಳವೆಯನ್ನು ಖಾಯಂ ಆಗಿ ಕೂರಿಸುತ್ತಾರೆ. ಮನೆಯಲ್ಲೇ ಬೇಕಾದಾಗ ನೀರು ಬಿಡಬಹುದು. ಮೂತ್ರ ಹೆಚ್ಚಿಸುವ ಮಾತ್ರೆ ಲಿವರ್ ಒತ್ತಡದಿಂದ ತುಂಬಿದ ನೀರಿಗೆ ಸ್ವಲ್ಪ ಕೆಲಸ ಮಾಡುತ್ತದೆ, ಒಳಪೊರೆಯ ಗಂಟುಗಳಿಂದ ತುಂಬಿದ್ದಕ್ಕೆ ಅಷ್ಟಾಗಿ ಇಲ್ಲ. ಮೊದಲೇ ತಿನ್ನದವರಿಗೆ ಉಪ್ಪಿಲ್ಲದ ಊಟ ಕೊಟ್ಟು ಇನ್ನಷ್ಟು ಬೇಸರ ಮಾಡುವುದು ನನಗಂತೂ ಸರಿ ಕಾಣುವುದಿಲ್ಲ. ಡಾಕ್ಟರನ್ನು ಒಂದು ಮಾತು ಕೇಳಿ ಆ ಪಥ್ಯ ಬಿಡಿಸಿ.

ಕಾಮಾಲೆ ಬಂದು ಮೈಯೆಲ್ಲ ತುರಿಕೆ. ರಾತ್ರಿಯಿಡೀ ಕೆರೆದುಕೊಳ್ಳುತ್ತಾರೆ.

ಪಿತ್ತನಾಳ ಮುಚ್ಚಿದಾಗ ಪಿತ್ತ ರಕ್ತಕ್ಕೆ ಸೇರುತ್ತದೆ. ಕಣ್ಣು ಹಳದಿ, ಮೂತ್ರ ಗಾಢ ಬಣ್ಣ, ಮಲ ಬಿಳಿಚಿದ ಬಣ್ಣ, ಜೊತೆಗೆ ತುರಿಕೆ. ನಾಳದಲ್ಲಿ ಸ್ಟೆಂಟ್ ಹಾಕಿ ಪಿತ್ತ ಹರಿಯುವಂತೆ ಮಾಡಿದರೆ ತುರಿಕೆಗೆ ಅದಕ್ಕಿಂತ ಒಳ್ಳೆಯ ಮದ್ದಿಲ್ಲ. ಪ್ಲಾಸ್ಟಿಕ್ ಸ್ಟೆಂಟ್ ಸುಮಾರು 3 ತಿಂಗಳಲ್ಲಿ ಕಟ್ಟಿಕೊಳ್ಳುತ್ತದೆ, ಲೋಹದ್ದು ಹೆಚ್ಚು ದಿನ ಬರುತ್ತದೆ. ನಾಳ ತೆರೆದಿದ್ದು ಲಿವರ್ ತುಂಬ ಗಂಟುಗಳೇ ಇರುವುದರಿಂದ ಕಾಮಾಲೆ ಬಂದಿದ್ದರೆ ಸ್ಟೆಂಟ್ ಉಪಯೋಗಕ್ಕೆ ಬರುವುದಿಲ್ಲ.

ಸ್ಟೆಂಟ್ ಆಗದವರಿಗೆ ಕೊಲೆಸ್ಟೈರಮೈನ್, ರಿಫಾಂಪಿಸಿನ್, ಸರ್ಟ್ರಲಿನ್ ಮುಂತಾದ ಔಷಧಿಗಳಿವೆ. ಮಾಮೂಲಿ ಅಲರ್ಜಿ ಮಾತ್ರೆಯಿಂದ ಈ ತುರಿಕೆ ಹೋಗುವುದಿಲ್ಲ. ಮೈಗೆ ತೇವ ಉಳಿಸುವ ಮುಲಾಮು ಹಚ್ಚಿ, ಉಗುರು ಕತ್ತರಿಸಿ, ತೆಳ್ಳಗಿನ ಹತ್ತಿ ಬಟ್ಟೆ ಹಾಕಿ, ಕೋಣೆ ತಂಪಾಗಿಡಿ.

ಒಂದು ಮಾತು ಗೋಡೆಯ ಮೇಲೆ ಬರೆದು ಅಂಟಿಸಿ: ಸ್ಟೆಂಟ್ ಇದ್ದವರಿಗೆ ನಡುಕದ ಜೊತೆ ಜ್ವರ ಬಂದರೆ ಬೆಳಗಾಗಲಿ ಎಂದು ಕಾಯಬಾರದು. ಪಿತ್ತನಾಳದ ಸೋಂಕು ಗಂಟೆಗಳಲ್ಲಿ ಏರುತ್ತದೆ.

ಬಿಕ್ಕಳಿಕೆ ನಿಲ್ಲುತ್ತಲೇ ಇಲ್ಲ.

ಹಿಗ್ಗಿದ ಜಠರ ಅಥವಾ ದೊಡ್ಡದಾದ ಲಿವರ್, ಎದೆ ಮತ್ತು ಹೊಟ್ಟೆಯ ನಡುವೆ ಇರುವ ಉಸಿರಾಟದ ಸ್ನಾಯುವಾದ ವಪೆಯನ್ನು ಒತ್ತಿದಾಗ ಹೀಗಾಗುತ್ತದೆ. ಇದು ಸಣ್ಣ ತೊಂದರೆ ಎಂದು ಹೇಳದೆ ಇರಬೇಡಿ. ಬ್ಯಾಕ್ಲೊಫೆನ್ ತರಹದ ಔಷಧಿಗಳಿವೆ.

ಇದ್ದಕ್ಕಿದ್ದಂತೆ ಏನೇನೋ ಮಾತಾಡುತ್ತಾರೆ, ನಮ್ಮನ್ನೇ ಗುರುತಿಸುವುದಿಲ್ಲ.

ಲಿವರ್ ಸೋತಾಗ ಕರುಳಿನ ವಿಷ ಮಿದುಳಿಗೆ ಏರುತ್ತದೆ. ಹಗಲು ನಿದ್ದೆ, ರಾತ್ರಿ ಎಚ್ಚರ, ಕೈ ನಡುಕ, ಆಮೇಲೆ ಗೊಂದಲ. ಲ್ಯಾಕ್ಟುಲೋಸ್ ಕೊಟ್ಟು ಮಲ ಹೋಗುವಂತೆ ಮಾಡಿದರೆ ಕೆಲವರು ಒಂದೆರಡು ದಿನದಲ್ಲಿ ತಿಳಿಯಾಗುತ್ತಾರೆ. ಸೋಂಕು, ಮೂತ್ರ ಕಟ್ಟಿರುವುದು, ಔಷಧಿ ಹೆಚ್ಚಾಗಿರುವುದು ಕೂಡ ಕಾರಣ ಇರಬಹುದು. ಆ ಹೊತ್ತಿನಲ್ಲಿ ಅವರು ಬೈದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಅದು ಅವರ ಮಾತಲ್ಲ.

ರಕ್ತ ವಾಂತಿಯಾದರೆ ಏನು ಮಾಡಬೇಕು?

ಸ್ವಲ್ಪ ಸ್ವಲ್ಪ ರಕ್ತ ಹೋಗುತ್ತಿದ್ದರೆ ಮಲ ಡಾಂಬರಿನಂತೆ ಕಪ್ಪಾಗುತ್ತದೆ. ಎಂಡೋಸ್ಕೋಪಿ ಅಥವಾ ಕೆಲವು ಬಾರಿ ವಿಕಿರಣ ಕೊಟ್ಟು ನಿಲ್ಲಿಸಬಹುದು. ಒಮ್ಮೆಲೇ ಹೆಚ್ಚು ರಕ್ತ ಬರುವ ಸಾಧ್ಯತೆ ಇದ್ದರೆ ಅದನ್ನು ಮೊದಲೇ ತಂಡದ ಜೊತೆ ಮಾತಾಡಿಟ್ಟುಕೊಳ್ಳಿ: ಆಸ್ಪತ್ರೆಗೆ ಹೋಗುವುದಾ, ಮನೆಯಲ್ಲೇ ಇರುವುದಾ, ಯಾವ ಔಷಧಿ ಕೈಗೆಟಕುವಂತೆ ಇರಬೇಕು. ಗಾಢ ಬಣ್ಣದ ಟವೆಲ್‌ಗಳನ್ನು ಹತ್ತಿರ ಇಟ್ಟುಕೊಳ್ಳಿ. ಬಿಳಿ ಬಟ್ಟೆಯ ಮೇಲಿನ ರಕ್ತ ರೋಗಿಯನ್ನೂ ನಿಮ್ಮನ್ನೂ ಹೆದರಿಸುತ್ತದೆ. ಎಡ ಮಗ್ಗುಲಿಗೆ ಮಲಗಿಸಿ, ಕೈ ಹಿಡಿದುಕೊಂಡು ಪಕ್ಕದಲ್ಲೇ ಇರಿ.

ಇನ್ನೊಂದು ವಿಷಯ: ಒಂದೇ ಕಾಲು ಊದಿಕೊಂಡು ನೋಯುತ್ತಿದ್ದರೆ, ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ ರಕ್ತ ಹೆಪ್ಪುಗಟ್ಟಿರಬಹುದು. ಮೇದೋಜ್ಜೀರಕ ಮತ್ತು ಜಠರದ ಕ್ಯಾನ್ಸರ್‌ನಲ್ಲಿ ಇದರ ಅಪಾಯ ಬೇರೆ ಕ್ಯಾನ್ಸರ್‌ಗಳಿಗಿಂತ ಜಾಸ್ತಿ. ಆಗಲೂ ತಕ್ಷಣ ತೋರಿಸಿ.

ರೋಗಿಗೆ ನಿಜ ಹೇಳಬೇಕಾ? ಕೇಳಿ ಧೈರ್ಯಗೆಟ್ಟರೆ?

ಬಹಳ ಜನರಿಗೆ ಹೇಳುವ ಮೊದಲೇ ಗೊತ್ತಿರುತ್ತದೆ. ಬಟ್ಟೆ ಸಡಿಲವಾಗಿರುವುದು, ಬಾಗಿಲ ಹೊರಗಿನ ಪಿಸುಮಾತು, ಮಕ್ಕಳ ಕೆಂಪು ಕಣ್ಣು, ಇವೆಲ್ಲ ಅವರಿಗೆ ಕಾಣುವುದಿಲ್ಲವಾ? ಮನೆಯವರು ರೋಗಿಗೆ ಗೊತ್ತಾಗಬಾರದು ಅಂತ ನಗುತ್ತಾರೆ. ರೋಗಿ ಮನೆಯವರಿಗೆ ನೋವಾಗಬಾರದು ಅಂತ ನಗುತ್ತಾರೆ. ಒಂದೇ ಕೋಣೆಯಲ್ಲಿ ಇಬ್ಬರೂ ಒಂಟಿ.

ಎಲ್ಲವನ್ನೂ ಒಮ್ಮೆಗೇ ಸುರಿಯಬೇಕಾಗಿಲ್ಲ. ಎಷ್ಟು ತಿಳಿಯಬೇಕು ಎನ್ನುವುದನ್ನು ಅವರೇ ತೀರ್ಮಾನಿಸಲಿ. "ನಿಮ್ಮ ಕಾಯಿಲೆ ಬಗ್ಗೆ ನಿಮಗೆ ಏನನಿಸುತ್ತಿದೆ?" ಎಂದು ಕೇಳಿ ಸುಮ್ಮನಿರಿ. ಮಾತಾಡಿದರೆ ಕೇಳಿಸಿಕೊಳ್ಳಿ. "ನನಗೆ ಇದೆಲ್ಲ ಬೇಡ, ಮಗನ ಹತ್ತಿರ ಮಾತಾಡಿ" ಎಂದರೆ ಅದೂ ಅವರ ಆಯ್ಕೆ. ಆದರೆ ನೇರವಾಗಿ ಕೇಳಿದಾಗ ಸುಳ್ಳು ಹೇಳಬೇಡಿ. ಬಗೆಹರಿಸಬೇಕಾದ ಕಾಗದಪತ್ರ, ನೋಡಬೇಕಾದ ಅಣ್ಣ, ಕೇಳಬೇಕಾದ ಕ್ಷಮೆ, ಇವಕ್ಕೆಲ್ಲ ಸಮಯ ಬೇಕು. ಆ ಸಮಯವನ್ನು ಅವರಿಂದ ಕಿತ್ತುಕೊಳ್ಳುವ ಹಕ್ಕು ನಮಗಿಲ್ಲ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಕೊನೆಯ ಹೊತ್ತು ಎಲ್ಲಿರಬೇಕು, ಯಂತ್ರದ ಉಸಿರು ಬೇಕಾ ಬೇಡವಾ ಎನ್ನುವುದನ್ನೂ ಅವರ ಬುದ್ಧಿ ತಿಳಿಯಾಗಿರುವಾಗಲೇ ಕೇಳಿಕೊಳ್ಳಿ.

ಇನ್ನೆಷ್ಟು ದಿನ?

ದಿನಾಂಕ ಯಾರೂ ಹೇಳಲಾರರು. ಆದರೆ ಬದಲಾವಣೆಯ ವೇಗ ಸ್ವಲ್ಪ ಸುಳಿವು ಕೊಡುತ್ತದೆ. ತಿಂಗಳಿಂದ ತಿಂಗಳಿಗೆ ಇಳಿಯುತ್ತಿದ್ದರೆ ಉಳಿದಿರುವುದು ತಿಂಗಳುಗಳು ಇರಬಹುದು. ವಾರದಿಂದ ವಾರಕ್ಕೆ ಇಳಿಯುತ್ತಿದ್ದರೆ ವಾರಗಳು. ನಿನ್ನೆಗೂ ಇಂದಿಗೂ ವ್ಯತ್ಯಾಸ ಕಾಣುತ್ತಿದ್ದರೆ ದೂರದಲ್ಲಿರುವವರನ್ನು ಕರೆಸಿಕೊಳ್ಳಿ.

ನೋಡಿಕೊಳ್ಳುವ ನನಗೇ ಸಾಕಾಗಿದೆ. ಹೀಗೆ ಅನಿಸುವುದು ತಪ್ಪಾ?

ತಪ್ಪಲ್ಲ. ರಾತ್ರಿ ಪಾಳಿಯನ್ನು ಯಾರಿಗಾದರೂ ವಹಿಸಿ, ವಾರದಲ್ಲಿ ಎರಡು ರಾತ್ರಿಯಾದರೂ ಪೂರ್ತಿ ಮಲಗಿ. "ಏನಾದರೂ ಬೇಕಾದರೆ ಹೇಳಿ" ಎನ್ನುವ ನೆಂಟರಿಗೆ ನಿಜವಾಗಿಯೂ ಒಂದು ಕೆಲಸ ಹೇಳಿ. ಉಪಶಾಮಕ ತಂಡ ಇರುವುದು ನಿಮಗಾಗಿಯೂ ಹೌದು. ಅಳು ಬಂದರೆ ಅವರ ಮುಂದೆ ಅತ್ತುಬಿಡಿ.

ಕೊನೆಯ ದಿನಗಳಲ್ಲಿ ಏನಾಗುತ್ತದೆ? ಡ್ರಿಪ್ ಹಾಕಿಸದಿದ್ದರೆ ಬಾಯಾರಿ ಹೋಗುತ್ತಾರೆ ಅಂತ ಭಯ.

ನಿದ್ದೆ ಹೆಚ್ಚುತ್ತದೆ. ನುಂಗುವುದು ನಿಲ್ಲುತ್ತದೆ. ಕೈಕಾಲು ತಣ್ಣಗಾಗುತ್ತವೆ. ಉಸಿರು ಕೆಲವು ಕ್ಷಣ ನಿಂತು ಮತ್ತೆ ಶುರುವಾಗುತ್ತದೆ. ಗಂಟಲಿನಲ್ಲಿ ಗುರುಗುರು ಸದ್ದು ಬರಬಹುದು. ಕೇಳುವವರಿಗೆ ಅದು ಸಂಕಟ, ಆದರೆ ಪ್ರಜ್ಞೆ ಇಳಿದಿರುವ ಅವರಿಗೆ ಅದರಿಂದ ಹಿಂಸೆ ಆಗುತ್ತಿರುವ ಸಾಧ್ಯತೆ ಕಡಿಮೆ. ಮಗ್ಗುಲು ಬದಲಿಸಿದರೆ ಸದ್ದು ತಗ್ಗುತ್ತದೆ.

ಈ ಹೊತ್ತಿನಲ್ಲಿ ಬಾಯಿ ಒಣಗುವುದು ಹೆಚ್ಚಾಗಿ ಬಾಯಿಂದ ಉಸಿರಾಡುವುದರಿಂದ. ಡ್ರಿಪ್ ಹಾಕಿದರೂ ಅದು ಹೋಗುವುದಿಲ್ಲ. ದೇಹಕ್ಕೆ ಬೇಡವಾದ ನೀರು ಕಾಲಿಗೆ, ಹೊಟ್ಟೆಗೆ, ಶ್ವಾಸಕೋಶಕ್ಕೆ ಇಳಿಯುತ್ತದೆ. ನೀವು ಮಾಡಬೇಕಾದದ್ದು ಹತ್ತಿಯನ್ನು ನೀರಿನಲ್ಲಿ ಅದ್ದಿ ತುಟಿ, ನಾಲಿಗೆ ಒರೆಸುವುದು. ಅರ್ಧ ಗಂಟೆಗೊಮ್ಮೆ ಮಾಡಿ. ಅವರಿಗೆ ಇಷ್ಟವಾದ ಪಾನೀಯದಲ್ಲೇ ಹತ್ತಿ ಅದ್ದಬಹುದು. ತುಟಿಗೆ ಸ್ವಲ್ಪ ಮುಲಾಮು ಹಚ್ಚಿ. ಇಷ್ಟು ದಿನ ತುತ್ತು ಹಿಡಿದ ಕೈಗೆ ಇನ್ನೂ ಕೆಲಸ ಇದೆ.

ಮಾತಾಡುತ್ತಿರಿ. ಕಣ್ಣು ಬಿಡದಿದ್ದರೂ ಕಿವಿಗೆ ಕೇಳಿಸುತ್ತಿರಬಹುದು.

ಅವರು ಹೋಗಿ ಮೂರು ತಿಂಗಳಾಯಿತು. ಇನ್ನೂ ಸ್ವಲ್ಪ ತಿನ್ನಿಸಿದ್ದರೆ ಉಳಿಯುತ್ತಿದ್ದರಾ?

ಇಲ್ಲ. ಅವರು ಹೋದದ್ದು ಊಟ ಬಿಟ್ಟಿದ್ದಕ್ಕಲ್ಲ. ಹೋಗುವ ಹಾದಿಯಲ್ಲಿದ್ದ ದೇಹ ಊಟ ಬಿಟ್ಟಿತು. ಇದನ್ನು ಮೊದಲೇ ಯಾರಾದರೂ ನಿಮಗೆ ಕೂತು ಹೇಳಬೇಕಿತ್ತು. ಹೇಳಿಲ್ಲದಿದ್ದರೆ, ನಿಮ್ಮವರನ್ನು ನೋಡಿದ ತಂಡಕ್ಕೆ ಈಗಲೂ ಫೋನ್ ಮಾಡಿ, ಬಂದು ಮಾತಾಡುತ್ತೇನೆ ಎನ್ನಿ. ಮೂರು ತಿಂಗಳಲ್ಲ, ಮೂರು ವರ್ಷವಾದ ಮೇಲೂ ಇದೇ ಪ್ರಶ್ನೆ ಹಿಡಿದು ಬರುವವರಿದ್ದಾರೆ.